ಹೆಂಡತಿ ಸಿಲಿಂಡರ್ ಎತ್ತಿದಳು, ನನಗ್ಯಾಕೆ ಕಸಿವಿಸಿ?

ಅಗ್ರಹಾರದ ಹೈದ (ಮೈಸೂರು)

ಎಲ್ಲರಿಗೂ ನಮಸ್ಕಾರ. ನನಗೆ 44. ಲೆಕ್ಕಪತ್ರದ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ. ಹೋದ ಸಂಕ್ರಾಂತಿ ಹೊತ್ತಿಗೆ ನಾನೂ ಹೆಂಡತಿಯೂ ಮನೆ ಹತ್ತಿರದ ಜಿಮ್ ಸೇರಿದೆವು. ಜೋಡಿಗೆ ರಿಯಾಯಿತಿ ಇತ್ತು, ವರ್ಷಕ್ಕೆ ಹದಿನೆಂಟು ಸಾವಿರ. ಸೇರೋಣ ಅಂತ ಹಟ ಹಿಡಿದವನು ನಾನೇ. ಅವಳು "ನನಗ್ಯಾಕ್ರೀ ಅವೆಲ್ಲ" ಅಂತ ಗೊಣಗುತ್ತಲೇ ಬಂದಳು.

ಎರಡೂವರೆ ತಿಂಗಳಿಗೆ ನಾನು ಬಿಟ್ಟೆ. ಮಂಡಿ ನೋವು ಅಂತ ಹೇಳಿದ್ದೇನೆ. ಅವಳು ಬಿಟ್ಟಿಲ್ಲ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಆರಕ್ಕೆ ಸ್ಕೂಟರ್ ತೆಗೆದು ಹೊರಟುಬಿಡುತ್ತಾಳೆ. ಡೆಡ್‌ಲಿಫ್ಟ್ ಅಂತ ಒಂದು ಇದೆಯಲ್ಲ, ನೆಲದಿಂದ ಕಬ್ಬಿಣ ಎತ್ತಿ ನೆಟ್ಟಗೆ ನಿಲ್ಲುವುದು, ಅದರಲ್ಲಿ ಐವತ್ತು ಕೆಜಿ ಎತ್ತುತ್ತಾಳಂತೆ.

ಮೊನ್ನೆ ಗ್ಯಾಸ್‌ನವನು ಸಿಲಿಂಡರ್‌ನ್ನು ಗೇಟ್ ಹತ್ತಿರ ಇಳಿಸಿ ಹೋದ. ನಾನು ಚಪ್ಪಲಿ ಹುಡುಕುತ್ತಿದ್ದೆ. ಚಪ್ಪಲಿ ಸಿಗುವಷ್ಟರಲ್ಲಿ ಸಿಲಿಂಡರ್ ಅಡುಗೆಮನೆ ಸೇರಿತ್ತು. ಮದುವೆಯಾಗಿ ಹದಿನೇಳು ವರ್ಷ, ಅದು ನನ್ನ ಕೆಲಸ ಅಂತಲೇ ಇತ್ತು. ಅಮ್ಮ ನೋಡಿ "ಹೆಂಗಸರು ಭಾರ ಎತ್ತಬಾರದು ಕಣೇ, ಗರ್ಭಕೋಶ ಜಾರುತ್ತೆ" ಅಂದರು. ಅವಳು ನಕ್ಕಳು. ನಾನೂ ನಕ್ಕೆ. ಆದರೆ ಆವತ್ತಿಂದ ಒಳಗೆ ಏನೋ ಚುಚ್ಚುತ್ತಿದೆ.

ನಾನು ಕೇಳುವುದು ಎರಡು. ಅಮ್ಮ ಹೇಳಿದ್ದರಲ್ಲಿ ಹುರುಳಿದೆಯಾ? ಎರಡನೆಯದು, ಅದೇ ಜಿಮ್, ಅದೇ ಕಬ್ಬಿಣ. ಅವಳಿಗೆ ಅಲ್ಲಿ ಏನೋ ಸಿಕ್ಕಿದೆ. ತೂಕ ಇಳಿದಿದ್ದು ಎರಡೇ ಕೆಜಿ, ಆದರೂ ಮುಖ ನೋಡಿದರೆ ಗೊತ್ತಾಗುತ್ತೆ. ನನಗೆ ಯಾಕೆ ಸಿಗಲಿಲ್ಲ?

ಸುಮ್ನಿರಪ್ಪ

ಸಿಲಿಂಡರ್ ಕೆಲಸ ತಪ್ಪಿತಲ್ಲ ಮಾರಾಯರೇ, ಪಾಯಸ ಮಾಡಿಸಿ ಹಂಚಿ.

ರಾಗಿಮುದ್ದೆ ರಂಗ

ನಿಮ್ಮ ತಾಯಿಯವರ ಮಾತನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಹಿರಿಯರು ಸುಮ್ನೆ ಹೇಳುವುದಿಲ್ಲ. ಹೆಂಗಸರ ಮೈಕಟ್ಟೇ ಬೇರೆ. ಅವರಿಗೆ ನಡಿಗೆ, ಸೂರ್ಯ ನಮಸ್ಕಾರ ಧಾರಾಳ ಸಾಕು. ಭಾರ ಎತ್ತಿ ಎತ್ತಿ ತೋಳು ಗಂಡಸರ ಥರ ಆದರೆ ಚೆನ್ನಾಗಿರುತ್ತಾ? ನನ್ನ ಅಭಿಪ್ರಾಯ ಅಷ್ಟೇ, ಯಾರೂ ಮೈಮೇಲೆ ಬೀಳಬೇಡಿ.

ಕುಂದಾಪ್ರ ಬಂಗುಡೆ

ಬೀಳುತ್ತೇನೆ. ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು 49 ಕೆಜಿ ವಿಭಾಗದಲ್ಲಿ. ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆ ಮೇಲೆ ಎತ್ತುವುದು) 87, ಕ್ಲೀನ್ ಆಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ) 115 ಕೆಜಿ. ತನ್ನ ತೂಕದ ಎರಡರಷ್ಟಕ್ಕಿಂತ ಜಾಸ್ತಿ ಭಾರವನ್ನು ತಲೆ ಮೇಲೆ ಹಿಡಿದು ನಿಂತವರು. ಅವರ ಪಕ್ಕ ನಾನೂ ನೀವೂ ನಿಂತರೆ ದಪ್ಪ ಕಾಣುವುದು ನಾವಿಬ್ಬರೇ.

ಗಂಡಸರಲ್ಲಿ ಸ್ನಾಯು ಉಬ್ಬಿಸುವ ಟೆಸ್ಟೋಸ್ಟೆರಾನ್ ಹೆಂಗಸರಲ್ಲಿ ಇರುವುದು ಬಹಳ ಕಡಿಮೆ. ಹದಿನೆಂಟು ವರ್ಷದ ಹುಡುಗರು ದಿನಾ ಎರಡು ಹೊತ್ತು ಜಿಮ್‌ಗೆ ಹೋಗಿ ಮೊಟ್ಟೆ ನುಂಗಿದರೂ ತೋಳು ಬರಲ್ಲ ಅಂತ ಅಳುತ್ತಾರೆ. ವಾರಕ್ಕೆ ಮೂರು ದಿನ ಹೋಗುವ ಗೃಹಿಣಿಗೆ ಅದೆಲ್ಲಿಂದ ಬರಬೇಕು?

ನಮ್ಮ ಕಡೆಯ ಗುರುರಾಜ್ ಪೂಜಾರಿ ಭಾರ ಎತ್ತಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಆಗ ಎಲ್ಲರ ಸ್ಟೇಟಸ್‌ನಲ್ಲೂ ಅವರೇ. ಮಗಳು ಬಾರ್‌ಬೆಲ್ ಮುಟ್ಟಿದರೆ ಮಾತ್ರ "ಮದುವೆ ಆಗೋದು ಹೇಗೆ?"

ಅಗ್ರಹಾರದ ಹೈದ

ಗೃಹಿಣಿ ಅಲ್ಲ ಸಾರ್, ಹೈಸ್ಕೂಲಲ್ಲಿ ಗಣಿತದ ಟೀಚರ್.

ಕುಂದಾಪ್ರ ಬಂಗುಡೆ

ಕ್ಷಮಿಸಿ. ಬಾಯಿಗೆ ಬಂದುಬಿಟ್ಟಿತು. ನಾನೂ ರಂಗಣ್ಣನೂ ಒಂದೇ ಊರಿನವರು ಅಂತ ತೋರಿಸಿಕೊಟ್ಟೆ.

ಹುಬ್ಬಳ್ಳಿ ಫಿಸಿಯೋ

ನೋಡ್ರಿ, ಗರ್ಭಕೋಶದ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ದಿನಾ ಇದೇ ಕೇಳುತ್ತಾರೆ.

ಗರ್ಭಕೋಶವನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳಿವೆ. ತೊಟ್ಟಿಲ ಬಟ್ಟೆ ಇದ್ದಂತೆ ಅಂತ ಇಟ್ಟುಕೊಳ್ಳಿ. ಹೆರಿಗೆ, ವಯಸ್ಸು, ಮುಟ್ಟು ನಿಲ್ಲುವುದು, ವರ್ಷಗಟ್ಟಲೆಯ ಮಲಬದ್ಧತೆ, ಬಿಡದ ಕೆಮ್ಮು, ಬೊಜ್ಜು, ಇವೆಲ್ಲ ಸೇರಿ ಅದು ಸಡಿಲ ಆಗಬಹುದು. ದಿನವಿಡೀ ವಿಪರೀತ ಭಾರ ಹೊರುವುದೂ ಆ ಪಟ್ಟಿಯಲ್ಲಿದೆ. ಹಾಗಾಗಿ ಅಜ್ಜಿಯರು ಕಣ್ಣಾರೆ ಕಂಡೇ ಹೇಳಿರುತ್ತಾರೆ. ಹೆರಿಗೆಯಾಗಿ ತಿಂಗಳೊಳಗೆ ಗದ್ದೆಗೆ ಇಳಿದವರನ್ನು ಅವರು ನೋಡಿದ್ದಾರೆ.

ಆದರೆ ಆರೋಗ್ಯವಾಗಿರುವ ಹೆಣ್ಣುಮಗಳು ಐದು ಕೆಜಿಯಿಂದ ಶುರು ಮಾಡಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಿ, ಎತ್ತುವಾಗ ಉಸಿರು ಬಿಡುವುದನ್ನು ಕಲಿತು ಐವತ್ತಕ್ಕೆ ಬಂದರೆ ಹೆದರುವ ಕಾರಣ ಇಲ್ಲ. ಕೆಳಗೆ ಏನೋ ಜಗ್ಗಿದಂತೆ ಅನಿಸಿದರೆ, ಕೆಮ್ಮಿದಾಗ ಸೀನಿದಾಗ ಮೂತ್ರ ಸೋರಿದರೆ, ನಾಚಿಕೊಳ್ಳದೆ ಮೊದಲು ಡಾಕ್ಟರಿಗೆ ತೋರಿಸಿ. ಅದಕ್ಕೂ ವ್ಯಾಯಾಮ ಇದೆ. ನಮ್ಮ ಹೆಂಗಸರು ಸೋರುವುದನ್ನು ಹತ್ತು ವರ್ಷ ಮುಚ್ಚಿಡುತ್ತಾರೆ, ಕಷ್ಟ ಆಗುವುದು ಅದರಿಂದಲೇ.

ಉಪ್ಪಿನಕಾಯಿ ಭರಣಿ (ಶಿವಮೊಗ್ಗ)

ನಲ್ಲಿ ಬರುವ ಮುಂಚೆ ನಮ್ಮಮ್ಮ ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು ಬಾವಿಯಿಂದ ದಿನಕ್ಕೆ ಎಂಟು ಸಲ ತಿರುಗುತ್ತಿದ್ದರು. ಒಂದೊಂದು ಕೊಡ ಹತ್ತು ಹದಿನೈದು ಲೀಟರ್. ಆಗ ಗರ್ಭಕೋಶ ಯಾರಿಗೂ ನೆನಪಾಗಲಿಲ್ಲ. ಭಾರದಲ್ಲಿ ಏನೂ ತೊಂದರೆ ಇಲ್ಲ ಕಣ್ರೀ. ಆ ಭಾರದಿಂದ ಮನೆಗೆ ನೀರು ಬರಬೇಕು, ಅಷ್ಟೇ.

ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ. ನನಗೆ 53. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ನಡೆದಿದ್ದೇನೆ. ಮಳೆಗಾಲದಲ್ಲಿ ಮನೆಯ ಹಾಲ್‌ನಲ್ಲೇ ಎಂಟರ ಆಕಾರದಲ್ಲಿ ಸುತ್ತುತ್ತಿದ್ದೆ, ಶಿವಮೊಗ್ಗದ ಮಳೆ ಗೊತ್ತಲ್ಲ. ನಾನು ಗಟ್ಟಿ ಅಂದುಕೊಂಡಿದ್ದೆ. ಮುಟ್ಟು ನಿಂತು ಎರಡು ವರ್ಷಕ್ಕೆ ಬಚ್ಚಲುಮನೆಯಲ್ಲಿ ಜಾರಿ ಕೈ ಊರಿದೆ, ಮಣಿಕಟ್ಟು ಮುರಿಯಿತು. ಎಲುಬಿನ ಸಾಂದ್ರತೆ ಪರೀಕ್ಷೆ ಮಾಡಿಸಿದರೆ ಇರಬೇಕಾದ್ದಕ್ಕಿಂತ ಕಡಿಮೆ. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುತ್ತದಂತೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಎಲುಬಿಗೆ ಇನ್ನೂ ಸ್ವಲ್ಪ ಭಾರ ಬೀಳಬೇಕು ಅಂದರು ಡಾಕ್ಟರು.

ಮಗಳು ಎರಡೆರಡು ಕೆಜಿಯ ಡಂಬೆಲ್ ತಂದುಕೊಟ್ಟಳು. ಮೊದಲು ಪರದೆ ಎಳೆದುಕೊಂಡು ಮಾಡುತ್ತಿದ್ದೆ, ಎದುರುಮನೆಯವರು ನೋಡುತ್ತಾರೆ ಅಂತ. ಈಗ ಏಳೂವರೆ ಕೆಜಿ, ಪರದೆ ತೆರೆದೇ ಇರುತ್ತದೆ. ಎದುರುಮನೆಯವರು ಹೋದ ತಿಂಗಳಿಂದ ನಮ್ಮ ಹಾಲ್‌ಗೇ ಬರುತ್ತಿದ್ದಾರೆ.

ಹೈದ ಅವರೇ, ನಿಮ್ಮ ಹೆಂಡತಿಗೆ ಏನು ಸಿಕ್ಕಿತು ಅಂತ ಕೇಳಿದ್ದೀರಿ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಆ ಒಂದು ಗಂಟೆ ನನ್ನನ್ನು ಯಾರೂ ಕರೆಯುವುದಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಗಂಟೆ ನನಗೆ ಇರಲಿಲ್ಲ. ದೇವರ ಮುಂದೆ ಕೂತಾಗಲೂ "ಅಮ್ಮಾ, ಟವೆಲ್ ಎಲ್ಲಿ?"

ಸುಮ್ನಿರಪ್ಪ

ಟವೆಲ್ ಕೇಳುವವನು ನಾನೇ. ಇವತ್ತು ಹುಡುಕಿಕೊಂಡೆ. ಬೀರುವಿನಲ್ಲೇ ಇತ್ತು.

ಅಂಕಿ ಶಂಕರ

ಎಲ್ಲರೂ ಕಥೆ ಹೇಳುತ್ತಿದ್ದೀರಿ, ನಾನು ಲೆಕ್ಕ ಇಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೀಗೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಏದುಸಿರು ಬರುವ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಈ ಮಾತು ಗಂಡಸರಿಗೂ ಹೆಂಗಸರಿಗೂ ಒಂದೇ. ರಂಗ ಅವರು ಹೆಂಗಸರಿಗೆ ನಡಿಗೆ ಸಾಕು ಅಂದಿದ್ದು ಅಲ್ಲಿಗೆ ಬಿತ್ತು.

ಹೈದ ಅವರೇ, ತೂಕ ಬಿಡಿ, ಟೇಪ್ ಹಿಡಿಯಿರಿ. ನಮ್ಮವರ ಬೊಜ್ಜು ಹೊಟ್ಟೆಯಲ್ಲೇ ಕೂರುವುದರಿಂದ ನಮಗೆ ಅಳತೆ ಬಿಗಿ. ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಪ್ಯಾಂಟಿನ ಸೈಜ್ ಹೇಳಬೇಡಿ, ಅದನ್ನು ಎಲ್ಲರೂ ಹೊಟ್ಟೆಯ ಕೆಳಗೆ ಕಟ್ಟುತ್ತಾರೆ.

ಸಿಲಿಂಡರ್‌ನದೂ ಹೇಳಿಬಿಡುತ್ತೇನೆ. ಗ್ಯಾಸ್ 14.2 ಕೆಜಿ, ಖಾಲಿ ಸಿಲಿಂಡರ್ ಹದಿನೈದು ಹದಿನಾರು. ಒಟ್ಟು ಸುಮಾರು 30 ಕೆಜಿ. ಐವತ್ತು ಎತ್ತುವವರಿಗೆ ಅದೇನು ಮಹಾ.

ರಾಗಿಮುದ್ದೆ ರಂಗ

ಸರಿಯಪ್ಪ, ಒಪ್ಪಿದೆ. ದಿನಾ ಹತ್ತು ಸಾವಿರ ಹೆಜ್ಜೆ ಹಾಕಿದರೂ ಸಾಲದಾ? ನಾನು ಹಾಕುತ್ತೇನೆ. ವಾಚ್ ಹೇಳುತ್ತೆ.

ಅಂಕಿ ಶಂಕರ

ಆ ಹತ್ತು ಸಾವಿರ ಡಾಕ್ಟರು ಹೇಳಿದ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರಿಗೇ "ಹತ್ತು ಸಾವಿರ ಹೆಜ್ಜೆ ಮಾಪಕ" ಅಂತ ಅರ್ಥ. ಹೇಳಲು ಚೆನ್ನಾಗಿತ್ತು, ಉಳಿದುಕೊಂಡಿತು. ನಡೆಯುವುದು ಒಳ್ಳೆಯದೇ, ನಡೆಯಿರಿ. 9,800ಕ್ಕೆ ನಿಂತರೆ ಪಾಪ ಬರುವುದಿಲ್ಲ.

ರಾಗಿಮುದ್ದೆ ರಂಗ

ರಾತ್ರಿ ಹನ್ನೊಂದಕ್ಕೆ ಮಂಚದ ಸುತ್ತ ಇನ್ನೂರು ಹೆಜ್ಜೆ ಹಾಕುತ್ತಿದ್ದೆ ಗುರುವೇ. ಹೆಂಡತಿ ದೆವ್ವ ಹಿಡಿದಿದೆ ಅಂದುಕೊಂಡಿದ್ದಳು.

ದಾವಣಗೆರೆ ಬೆಣ್ಣೆ

ಇಷ್ಟು ಹೊತ್ತಾದರೂ ಪ್ರೋಟೀನ್ ಡಬ್ಬಿ ವಿಷಯ ಯಾರೂ ಎತ್ತಲಿಲ್ಲ! ನಮ್ಮ ಜಿಮ್‌ನ ಟ್ರೈನರ್ ಎರಡನೇ ದಿನಕ್ಕೇ ಡಬ್ಬಿ ತೋರಿಸಿದ. ನಾಲ್ಕು ಸಾವಿರ ರೂಪಾಯಿ. ಬೇಡ ಅಂದಿದ್ದಕ್ಕೆ ಮುಖ ತಿರುಗಿಸಿದ. ಮನೆ ಊಟದಲ್ಲಿ ಆಗುವುದೇ ಇಲ್ಲವಾ?

ಹುಬ್ಬಳ್ಳಿ ಫಿಸಿಯೋ

ಆಗುತ್ತದೆ, ಆದರೆ ನಾವು ತಿನ್ನುವ ರೀತಿಯಲ್ಲಿ ಆಗುವುದಿಲ್ಲ. ಸಾಮಾನ್ಯರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಅಂತ ನಮ್ಮ ದೇಶದ ಲೆಕ್ಕ. ಅಂದರೆ 60 ಕೆಜಿಯವರಿಗೆ 50 ಗ್ರಾಂ. ಭಾರ ಎತ್ತುವವರಿಗೆ ಇನ್ನೂ ಜಾಸ್ತಿ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8. ಹಸಿ ತೂಕದಲ್ಲಿ 100 ಗ್ರಾಂ ಹುರುಳಿಯಲ್ಲಿ ಸುಮಾರು 22. ರಂಗ ಅವರು ಬೇಸರ ಮಾಡಿಕೊಳ್ಳಬಾರದು, ರಾಗಿಯಲ್ಲಿ ಬರೀ 7. ಆದರೆ ಕ್ಯಾಲ್ಸಿಯಂ 300 ಮಿಲಿಗ್ರಾಂಗೂ ಮೇಲೆ ಇದೆ. ಭರಣಿ ಅಕ್ಕನವರ ಎಲುಬಿಗೆ ಅದು ಬೇಕು.

ನಮ್ಮ ತಟ್ಟೆಯಲ್ಲಿ ಅನ್ನ ಗುಡ್ಡ, ಕಾಳು ಎರಡು ಚಮಚ. ಅದನ್ನು ತಿರುಗಿಸಿದರೆ ಅರ್ಧ ಡಬ್ಬಿ ಉಳಿಯಿತು. ಡಬ್ಬಿ ವಿಷ ಅಲ್ಲ, ಹಾಲಿನಿಂದ ತೆಗೆದಿದ್ದೇ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕೇಳದೆ ಮುಟ್ಟಬಾರದು. ಆದರೆ ಎರಡನೇ ದಿನಕ್ಕೆ ಡಬ್ಬಿ ತೋರಿಸುವ ಟ್ರೈನರ್‌ನ್ನು ಮೂರನೇ ದಿನಕ್ಕೆ ಬದಲಾಯಿಸಿ.

ಸುಮ್ನಿರಪ್ಪ

ಅಮ್ಮನ ಮಾತಿನಲ್ಲಿ ಹುರುಳಿಲ್ಲ, ಅಮ್ಮನ ಬಸ್ಸಾರಿನಲ್ಲಿ ಹುರುಳಿ ಇದೆ. ತೀರ್ಪು ಮುಗಿಯಿತು.

ದಾವಣಗೆರೆ ಬೆಣ್ಣೆ

ಬಸ್ಸಾರಿನಲ್ಲಿ ಕಟ್ಟು ಇರುತ್ತೆ, ಕಾಳು ಪಲ್ಯಕ್ಕೆ ಹೋಗುತ್ತೆ. ಪಲ್ಯ ತಿನ್ನಿ.

ಗರಡಿ ಮೊಮ್ಮಗ (ಮೈಸೂರು)

ಹೈದ ಅವರೇ, ನಮ್ಮೂರಿನವರು ನೀವು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಾತ ಗರಡಿಯವರು. ಪೈಲ್ವಾನ್ ಅಂತ ಹೆಸರು ಮಾಡಿದವರಲ್ಲ, ದಸರಾ ಕುಸ್ತಿಗೆ ನಾಲ್ಕೈದು ಸಲ ಜೋಡಿ ಕಟ್ಟಿದ್ದಾರೆ ಅಷ್ಟೇ. ಚಿಕ್ಕವನಿದ್ದಾಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಾಗಿಲು ಎಷ್ಟು ಗಿಡ್ಡ ಅಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಮಬ್ಬು, ಆಂಜನೇಯನ ಪಟದ ಮುಂದೆ ದೀಪ, ಮಟ್ಟಿಯ (ಕುಸ್ತಿ ಆಡುವ ಅಖಾಡದ) ಕೆಮ್ಮಣ್ಣು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿರುತ್ತಿದ್ದರು. ವಾಸನೆ ಈಗಲೂ ಮೂಗಿನಲ್ಲಿದೆ. ಕನ್ನಡಿ ಒಂದೂ ಇರಲಿಲ್ಲ. ಇದನ್ನು ಗಮನಿಸಿ.

ದಂಡ, ಬಸ್ಕಿ, ಗದೆ, ಕಲ್ಲುಗುಂಡು. ಹೊಸಬ ಬಂದರೆ ಮೊದಲ ತಿಂಗಳು ಮಟ್ಟಿ ಅಗೆಯುವುದೇ ಕೆಲಸ. ಉಸ್ತಾದರು ಮಾತಾಡುತ್ತಲೂ ಇರಲಿಲ್ಲ, ಬೆತ್ತದಲ್ಲಿ ಮಂಡಿ ತಟ್ಟುತ್ತಿದ್ದರು ಅಷ್ಟೇ. ಆದರೂ ಯಾರೂ ಎರಡೂವರೆ ತಿಂಗಳಿಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಸಂಜೆ ನಾಲ್ಕು ಜನ ಮನೆ ಬಾಗಿಲಿಗೆ ಬರುತ್ತಿದ್ದರು, "ಯಾಕ್ಲಾ ಬರಲಿಲ್ಲ?" ಅಂತ. ನಿಮ್ಮ ಜಿಮ್‌ನಿಂದ ಯಾರಾದರೂ ಬಂದರಾ?

ಇನ್ನೊಂದು. ಮೈ ಬೆಳೆಸುವವರಿಗೆ ತಲೆ ಇರಲ್ಲ ಅಂತ ಜೋಕ್ ಮಾಡುತ್ತಾರಲ್ಲ, ಅಂಥವರಿಗೆ ಬೆಂಗಳೂರಿನ ಕೆ.ವಿ. ಅಯ್ಯರ್ ಹೆಸರು ಹೇಳಿ. ನೂರು ವರ್ಷದ ಹಿಂದೆಯೇ ವ್ಯಾಯಾಮಶಾಲೆ ನಡೆಸಿ, ಅಂಚೆಯಲ್ಲಿ ದೂರದವರಿಗೂ ವ್ಯಾಯಾಮದ ಪಾಠ ಕಳಿಸುತ್ತಿದ್ದವರು. ಟಿ.ಪಿ. ಕೈಲಾಸಂ ಅವರ ಆತ್ಮೀಯ ಗೆಳೆಯರು. ಅದೇ ಮನುಷ್ಯ ಕನ್ನಡದಲ್ಲಿ ಒಳ್ಳೆಯ ಕಾದಂಬರಿಗಳನ್ನೂ ಬರೆದರು.

ಉಪ್ಪಿನಕಾಯಿ ಭರಣಿ

ಓದಿ ಖುಷಿಯಾಯಿತು. ನಿಮ್ಮ ಅಜ್ಜಿ ಆ ಗಿಡ್ಡ ಬಾಗಿಲಿನ ಒಳಗೆ ಹೋಗಿದ್ದರಾ?

ಗರಡಿ ಮೊಮ್ಮಗ

ಇಲ್ಲಕ್ಕಾ. ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಅಜ್ಜಿ ತಾತನ ಬಾದಾಮಿ ಹಾಲಿಗೆ ಬಾದಾಮಿ ಅರೆಯುತ್ತಿದ್ದರು. ದಿನಾ, ಒರಳಿನಲ್ಲಿ. ಈಗ ಯೋಚಿಸಿದರೆ ತೋಳು ಅಜ್ಜಿಯದೇ ಗಟ್ಟಿ ಇತ್ತು.

ನಾಗಮಂಗಲ ನಾಗ

ನೀವೆಲ್ಲ ಜಿಮ್ ಜಿಮ್ ಅನ್ನುತ್ತೀರಿ. ಅಪ್ಪು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಪದ ಎತ್ತುವ ಹಾಗಿಲ್ಲ. 2021ರ ಅಕ್ಟೋಬರ್ 29. 46 ವರ್ಷ. ಅಷ್ಟು ಗಟ್ಟಿಮುಟ್ಟಾಗಿದ್ದವರು. ಮಾರನೇ ವಾರವೇ ಅಮ್ಮ ನನ್ನ ಜಿಮ್ ಬ್ಯಾಗ್ ಅಟ್ಟಕ್ಕೆ ಹಾಕಿದರು. ಇನ್ನೂ ಅಲ್ಲೇ ಇದೆ. ತೆಗೆಯಲು ನನಗೂ ಧೈರ್ಯ ಇಲ್ಲ, ಸುಳ್ಳು ಹೇಳಲ್ಲ.

ಹುಬ್ಬಳ್ಳಿ ಫಿಸಿಯೋ

ಆ ವಾರ ನಮ್ಮಲ್ಲೂ ಮೂವತ್ತು ದಾಟಿದ ಗಂಡಸರೆಲ್ಲ ಎದೆ ಹಿಡಿದುಕೊಂಡೇ ಬಂದರು. ನಿಮ್ಮ ಅಮ್ಮನ ಭಯ ಅರ್ಥ ಆಗುತ್ತದೆ. ಒಬ್ಬರ ಸಾವಿನ ಕಾರಣವನ್ನು ನಾವು ಇಲ್ಲಿ ಕೂತು ಊಹಿಸುವುದು ಬೇಡ. ನಿಮ್ಮ ವಿಷಯ ಮಾತಾಡೋಣ.

ನಲವತ್ತು ದಾಟಿದ್ದೀರಾ? ಬಿಪಿ, ಸಕ್ಕರೆ, ಸಿಗರೇಟು ಇದೆಯಾ? ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿತ್ತಾ? ಇದ್ದರೆ ಡಾಕ್ಟರಿಗೆ ಒಮ್ಮೆ ತೋರಿಸಿ, ಆಮೇಲೆ ಶುರು ಮಾಡಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. "ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ. ಮೂರು ವರ್ಷ ಕೂತಿದ್ದು ಮೊದಲ ದಿನವೇ ಪಕ್ಕದವನಷ್ಟು ಎತ್ತಲು ಹೋಗುವುದು ಬೇಡ. ಕೂತೇ ಇದ್ದರೆ ಹೃದಯ ಸುರಕ್ಷಿತ ಅಂತ ಮಾತ್ರ ಅಂದುಕೊಳ್ಳಬೇಡಿ.

ಬೆಳಗಿನ ಪಾಳಿ (ಬೆಂಗಳೂರು)

ನಾನು ಬಸ್ ಕಂಡಕ್ಟರ್. ಹೆಂಗಸು. ಐದೂವರೆಗೆ ಮೊದಲ ಟ್ರಿಪ್, ಅಂದರೆ ಮೂರೂವರೆಗೆ ಏಳಬೇಕು. ಎಂಟು ಗಂಟೆ ನಿಂತೇ ಇರುತ್ತೇನೆ, ಒಂದು ಕೈ ಕಂಬಿ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನಮ್ಮವರೇ ಜಾಸ್ತಿ. ಸಂತೋಷವೇ, ಆದರೆ ಹಿಂದಿನಿಂದ ಮುಂದಕ್ಕೆ ಹೋಗುವುದೇ ಒಂದು ಕುಸ್ತಿ. ಕಾಲಿನ ನರ ಹಗ್ಗದ ಥರ ಉಬ್ಬಿದೆ.

ಎಲ್ಲರೂ ಹೇಳುತ್ತಾರೆ, "ನಿಂಗೇನಮ್ಮ, ದಿನವಿಡೀ ವ್ಯಾಯಾಮ." ನಿಲ್ಲುವುದು ವ್ಯಾಯಾಮ ಅಲ್ಲ ಅಂತ ನನ್ನ ಸೊಂಟ ಹೇಳುತ್ತೆ. ಜಿಮ್‌ಗೆ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ನಿಮ್ಮ ಲೆಕ್ಕದಲ್ಲಿ ನಮ್ಮಂಥವರು ಎಲ್ಲಿದ್ದೇವೆ?

ದೂರು ಹೇಳಲು ಬಂದಿದ್ದಲ್ಲ. ವಾರದ ರಜೆ ದಿನ ನಾವು ಏಳೆಂಟು ಜನ ಹೆಂಗಸರು ಒಂದು ಶಾಲೆ ಮೈದಾನದಲ್ಲಿ ತ್ರೋಬಾಲ್ ಆಡುತ್ತೇವೆ. ಸ್ಕೂಲಲ್ಲಿ ಆಡಿದ್ದು, ಇಪ್ಪತ್ತೆರಡು ವರ್ಷ ಬಿಟ್ಟಿದ್ದು. ಪಾಯಿಂಟ್ ಬಂದಾಗ ಜೋರಾಗಿ ಕಿರುಚುತ್ತೇನೆ. ಮನೆಯಲ್ಲಿ ಕಿರುಚಿದರೆ ಜಗಳ ಅನ್ನುತ್ತಾರೆ, ಬಸ್ಸಿನಲ್ಲಿ ಕಿರುಚಿದರೆ ಮೇಲಿನವರಿಗೆ ದೂರು ಹೋಗುತ್ತೆ. ಅಲ್ಲಿ ಕಿರುಚಿದರೆ ಚಪ್ಪಾಳೆ. ತೂಕ ಒಂದು ಗ್ರಾಂ ಇಳಿದಿಲ್ಲ.

ಹುಬ್ಬಳ್ಳಿ ಫಿಸಿಯೋ

ಅಕ್ಕಾ, ನೀವು ಸರಿ. ಅಲುಗದೆ ನಿಂತಿದ್ದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಬಸ್ ಸಿಗ್ನಲ್‌ನಲ್ಲಿ ನಿಂತಾಗ ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಇಪ್ಪತ್ತು ಸಲ. ಬೆಂಗಳೂರಿನ ಸಿಗ್ನಲ್‌ಗಳಿಗೆ ಅಷ್ಟಾದರೂ ಉಪಯೋಗ ಇರಲಿ. ಮನೆಗೆ ಬಂದು ಹತ್ತು ನಿಮಿಷ ಕಾಲು ಗೋಡೆಗೆ ಎತ್ತರಿಸಿ ಮಲಗಿ. ನರದ ಜಾಗದಲ್ಲಿ ನೋವೋ, ಬಣ್ಣ ಬದಲೋ, ಹುಣ್ಣೋ ಆದರೆ ತೋರಿಸಿ.

ಮಿನೆಸೋಟಾ ಮಂಜು

ಹೆಸರೂ ಮಂಜು, ಊರಲ್ಲೂ ಮಂಜು. ಇಲ್ಲಿ ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಎತ್ತಿ ಹಾಕುವುದೇ ಜಿಮ್. ಮೊದಲ ವರ್ಷ ಬೆನ್ನು ಹಿಡಿದು ಮೂರು ದಿನ ಮಲಗಿದ್ದೆ. ಈಗ ಮಂಡಿ ಬಗ್ಗಿಸಿ ಎತ್ತುತ್ತೇನೆ. ಕನ್ನಡ ಗೆಳೆಯರು ಶನಿವಾರ ಕಬಡ್ಡಿ ಶುರು ಮಾಡಿದ್ದೇವೆ, ಹೆಂಗಸರದೂ ಒಂದು ತಂಡ ಇದೆ. ನಮಗಿಂತ ಅವರೇ ಚೆನ್ನಾಗಿ ಆಡುತ್ತಾರೆ. ಉಸಿರು ಹಿಡಿದು "ಕಬಡ್ಡಿ ಕಬಡ್ಡಿ" ಅನ್ನುವಾಗ ನನಗೆ ಹದಿನಾಲ್ಕು ವಯಸ್ಸು. ಮನೆಗೆ ಬಂದ ಮೇಲೆ ಎಪ್ಪತ್ತನಾಲ್ಕು.

ಉಪ್ಪಿನಕಾಯಿ ಭರಣಿ

ಕೇಳಿದವರೇ ನಾಪತ್ತೆ. ಹೈದ ಅವರೇ, ಎಲ್ಲಿದ್ದೀರಿ? ಒಂದು ಪ್ರಶ್ನೆ. ಬೆವರಿ, ಸುಸ್ತಾಗಿ, ಆದರೂ ಖುಷಿಯಾಗಿ ನಕ್ಕಿದ್ದು ಕೊನೆಗೆ ಯಾವಾಗ?

ಅಗ್ರಹಾರದ ಹೈದ

ಓದುತ್ತಲೇ ಇದ್ದೆ ಅಕ್ಕಾ. ಬರೆಯಲು ನಾಚಿಕೆ ಆಯಿತು.

ಮಂಡಿ ನೋವು ಸುಳ್ಳು. ಸ್ವಲ್ಪ ಕಟಕಟ ಅನ್ನುತ್ತೆ, ಅಷ್ಟೇ. ಜಿಮ್ ಬಿಟ್ಟ ಕಾರಣ ಆ ಕನ್ನಡಿಗಳು. ನಾಲ್ಕೂ ಗೋಡೆಗೆ ಕನ್ನಡಿ. ಯಾವ ಕಡೆ ತಿರುಗಿದರೂ ಹೊಟ್ಟೆ. ಟ್ರೈನರ್‌ಗೆ 23 ವಯಸ್ಸು, ನನ್ನನ್ನು "ಅಂಕಲ್" ಅನ್ನುತ್ತಿದ್ದ. ಅವಳನ್ನು "ಮೇಡಂ". ನಾನು ಪಿಯುಸಿಯಲ್ಲಿ ತಾಲ್ಲೂಕು ಮಟ್ಟದಲ್ಲಿ 400 ಮೀಟರ್ ಓಡಿದವನು. ಆ ಹುಡುಗನನ್ನು ವಾಪಸ್ ತರಬೇಕು ಅಂತ ಹೋಗಿದ್ದೆ. ದಿನಾ ಹೋದಷ್ಟೂ ಅವನು ಇನ್ನೂ ದೂರ ಓಡಿದ. ಅವಳು ಯಾವತ್ತೂ ಓಡಿದವಳಲ್ಲ. ಹೈಸ್ಕೂಲ್‌ನಲ್ಲಿ ಪಿಟಿ ಪಿರಿಯಡ್‌ನಲ್ಲೂ ಹೆಣ್ಣುಮಕ್ಕಳನ್ನು ನೆರಳಲ್ಲಿ ಕೂರಿಸುತ್ತಿದ್ದರಂತೆ. ಅವಳಿಗೆ ಹತ್ತು ಕೆಜಿಯೂ ಹೊಸದು, ಇಪ್ಪತ್ತೂ ಹೊಸದು. ಮನೆಗೆ ಬಂದು ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾಳೆ. ಹಾಲಿನ ಲೆಕ್ಕದ ಪಕ್ಕದಲ್ಲೇ.

ನಿಮ್ಮ ಪ್ರಶ್ನೆಗೆ ಉತ್ತರ, 2003. ಪರೀಕ್ಷೆ ಮುಗಿದ ದಿನ ಗೆಳೆಯರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತಿದ್ದೆವು. ನಂದಿ ಹತ್ತಿರ ಒಬ್ಬ ವಾಂತಿ ಮಾಡಿಕೊಂಡ, ನಾವು ನಕ್ಕು ನಕ್ಕು ಅಲ್ಲೇ ಬಿದ್ದೆವು.

ಗರಡಿ ಮೊಮ್ಮಗ

ಬೆಟ್ಟ ಇನ್ನೂ ಅಲ್ಲೇ ಇದೆ ಸಾರ್. ಭಾನುವಾರ ಐದೂಮುಕ್ಕಾಲಿಗೆ ಪಾದದ ಹತ್ತಿರ ಇರುತ್ತೇನೆ. ಬರದಿದ್ದರೆ ನಾಲ್ಕು ಜನ ಅಗ್ರಹಾರಕ್ಕೆ ಬರುತ್ತೇವೆ.

ಹುಬ್ಬಳ್ಳಿ ಫಿಸಿಯೋ

ಮಂಡಿ ಕಟಕಟ ಅಂದರೂ ನೋವಿಲ್ಲದಿದ್ದರೆ ಚಿಂತೆ ಇಲ್ಲ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ. ಮೊದಲ ಕೆಲವು ವಾರ ಹತ್ತಿ ಹೋಗಿ, ಬಸ್ಸಿನಲ್ಲಿ ಇಳಿಯಿರಿ. ಓಡಬೇಡಿ. ಇದನ್ನು ಎರಡು ಸಲ ಓದಿ.

ದಾವಣಗೆರೆ ಬೆಣ್ಣೆ

ಮೆಟ್ಟಿಲು ಸಾವಿರದ ಎಂಟು ತಾನೇ?

ಗರಡಿ ಮೊಮ್ಮಗ

ಹಾಗಂತಾರೆ. ನಾನು ಮೂರು ಸಲ ಎಣಿಸಿದ್ದೇನೆ, ಮೂರು ಸಲವೂ ಬೇರೆ ಬೇರೆ ಬಂತು. ಆರುನೂರು ದಾಟಿದ ಮೇಲೆ ಯಾರಿಗೂ ಲೆಕ್ಕ ಇರಲ್ಲ.

ಅಂಕಿ ಶಂಕರ

ನಾನು ಬರುತ್ತೇನೆ. ಸೀಮೆಸುಣ್ಣ ತರುತ್ತೇನೆ.

ರಾಗಿಮುದ್ದೆ ರಂಗ

ಇಳಿದ ಮೇಲೆ ಟಿಫಿನ್ ಎಲ್ಲಿ? ಅದು ಮುಖ್ಯ. ಸೆಟ್ ದೋಸೆನಾ, ಮೈಲಾರಿನಾ?

ದಾವಣಗೆರೆ ಬೆಣ್ಣೆ

ಬೆಟ್ಟ ಹತ್ತಿ ಕರಗಿಸಿದ್ದನ್ನು ಹತ್ತು ನಿಮಿಷದಲ್ಲಿ ವಾಪಸ್ ಹಾಕಿಕೊಳ್ಳುವುದು ಮೈಸೂರಿನವರ ಕಲೆ. ಬೆಣ್ಣೆ ದೋಸೆ ಊರಿನವನು ನಾನು, ನನಗೆ ಹೇಳುವ ಹಕ್ಕಿಲ್ಲ ಬಿಡಿ.

ನಿರ್ವಾಹಕ

ದೋಸೆಗೆ ಬೇರೆ ಚರ್ಚೆ ಇದೆ, ಈಗಾಗಲೇ ನಾನೂರು ಉತ್ತರ ದಾಟಿದೆ. ದಯವಿಟ್ಟು ಅಲ್ಲಿ ಹೋಗಿ ಜಗಳ ಆಡಿ.

ಅಗ್ರಹಾರದ ಹೈದ

ಮೂರು ವಾರ ಆಯಿತು, ಸುದ್ದಿ ಹೇಳದಿದ್ದರೆ ತಪ್ಪಾಗುತ್ತೆ.

ಮೊದಲ ಭಾನುವಾರ ನಂದಿ ಮುಟ್ಟುವಷ್ಟರಲ್ಲಿ ಏಳು ಸಲ ಕೂತೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ, ಬಗ್ಗಿ ಬಗ್ಗಿ ಏಳುತ್ತಾ, ನನ್ನನ್ನು ದಾಟಿ ಹೋದರು. ಸುಧಾರಿಸಿಕೊಂಡು ಅವರ ಹಿಂದೆಯೇ ನಡೆದೆ. ಇಳಿಯುವಾಗ 201 ನಂಬರ್ ಬಸ್ಸು, ಫಿಸಿಯೋ ಮೇಡಂ ಹೇಳಿದ ಹಾಗೆ. ಹೋದ ಭಾನುವಾರ ನಾಲ್ಕು ಸಲ ಕೂತೆ. ಶಂಕರ ಅವರು ಸೀಮೆಸುಣ್ಣ ತಂದಿದ್ದು ನಿಜ. ಇನ್ನೂರಕ್ಕೆ ಮಾತಿಗೆ ಬಿದ್ದು ಲೆಕ್ಕ ತಪ್ಪಿತು. ಯಾರಿಗೂ ಅಂಕಲ್ ಆಗಲಿಲ್ಲ, ಎಲ್ಲರೂ ಅಂಕಲ್‌ಗಳೇ ಇದ್ದರು.

ಅಮ್ಮನಿಗೆ ಫಿಸಿಯೋ ಮೇಡಂ ಬರೆದಿದ್ದನ್ನು ಓದಿ ಹೇಳಿದೆ. ಪೂರ್ತಿ ಕೇಳಿ "ಹಂಗಾದ್ರೆ ನನ್ನ ಮಂಡಿಗೆ ಏನಾದ್ರೂ ಐತಾ ಕೇಳು" ಅಂದರು. ದಯವಿಟ್ಟು ಹೇಳಿ ಮೇಡಂ, 71 ವಯಸ್ಸು, ಬಿಪಿ ಮಾತ್ರೆ ಇದೆ.

ಹೆಂಡತಿಗೂ ಈ ಚರ್ಚೆ ತೋರಿಸಿದೆ. ಪೂರ್ತಿ ಓದಿದಳು. ಮಂಡಿ ಸುಳ್ಳಿನ ಜಾಗ ಬಂದಾಗ "ಗೊತ್ತಿತ್ತು" ಅಂದಳು. ಮೊದಲ ಪೋಸ್ಟ್‌ಗೆ ವಾಪಸ್ ಹೋಗಿ ಬೆರಳಿಟ್ಟು ತೋರಿಸಿದಳು. ಐವತ್ತಲ್ಲವಂತೆ, ನಾನು ಬರೆದ ದಿನವೇ ಐವತ್ತೈದು ಆಗಿತ್ತಂತೆ, ಕ್ಯಾಲೆಂಡರ್‌ನಲ್ಲಿ ಇದೆಯಂತೆ. ನಿರ್ವಾಹಕರೇ, ಹಳೆಯ ಪೋಸ್ಟ್ ತಿದ್ದಲು ಆಗುತ್ತಿಲ್ಲ. ನೀವೇ ತಿದ್ದಿಕೊಡಿ, ಪಕ್ಕದಲ್ಲೇ ನಿಂತಿದ್ದಾಳೆ.